ತಳ ಹಿಡಿದ ಕೊಪ್ಪರಿಗೆ

ಮದ್ದೂರಿನಿಂದ ಕೆ.ಎಂ. ದೊಡ್ಡಿ ಹಾದು ಮಳವಳ್ಳಿಗೆ ಹೋಗುವ ದಾರಿಯಲ್ಲಿ ಆಲೆಮನೆಯ ಹೊಗೆ ಕಂಡರೆ ಬಿಸಿಬೆಲ್ಲ ನೆನೆಯುವವರೇ ಹೆಚ್ಚು. ನನ್ನ ಕಣ್ಣು ಹುಡುಕುವುದು ಪಾಕ ಇಳಿಸಿದ ಮೇಲಿನ ಖಾಲಿ ಕೊಪ್ಪರಿಗೆಯನ್ನು. ಪಾಕ ಬೆಲ್ಲದ ಹದಕ್ಕೆ ಬರುವುದು ಸುಮಾರು 118 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಲೆಗೆ ಒಡ್ಡಿಕೊಂಡ ತಳ ಅದಕ್ಕಿಂತ ಬಿಸಿ. ಸಕ್ಕರೆ ಅಲ್ಲಿ ಸೀದು ಕರಕಾಗಿ ಕೂರುತ್ತದೆ. ಅದನ್ನು ಆಗಲೇ ಕೆರೆದು ತೊಳೆದರೆ ಸರಿ. ಬಿಟ್ಟರೆ ಬೆಂಕಿಗೂ ಕಬ್ಬಿನ ಹಾಲಿಗೂ ನಡುವೆ ಅಡ್ಡಗೋಡೆಯಾಗಿ ನಿಂತು ಒಲೆಗೆ ಹಾಕುವ ಸಿಪ್ಪೆಯನ್ನೂ ತಿನ್ನುತ್ತದೆ, ಮುಂದಿನ ಬೆಲ್ಲವನ್ನೂ ಕಪ್ಪಾಗಿಸುತ್ತದೆ. ಆ ಕಪ್ಪನ್ನು ಮುಚ್ಚಲು ಬಣ್ಣ ತೆಗೆಯುವ ರಾಸಾಯನಿಕ ಹೈಡ್ರೋಸ್ ಸುರಿಯುವುದನ್ನು ನಾನು ಒಪ್ಪಲಾರೆ. ಕೆರೆಯದೆ ಉಳಿಸಿದ ಕೆಲಸವನ್ನು ತಿನ್ನುವವರ ಹೊಟ್ಟೆಗೆ ದಾಟಿಸಿದಂತೆ ಅದು.

ಮಂಡ್ಯದಲ್ಲಿ 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಹುಟ್ಟಿದಾಗ ಕೊಪ್ಪರಿಗೆಯ ಕೆಲಸ ಬಾಡಿ ಎನ್ನುವ, ಹಾಲು ಇಂಗಿಸುವ ಉಕ್ಕಿನ ಪಾತ್ರೆಗಳ ಸಾಲಿಗೆ ಬಂತು. ಒಂದು ಬಾಡಿಯ ಹಬೆಯಿಂದಲೇ ಮುಂದಿನದನ್ನು ಕುದಿಸುವ ಉಪಾಯ 1840ರ ದಶಕದಲ್ಲಿ ಅಮೆರಿಕದ ನಾರ್ಬರ್ಟ್ ರಿಲ್ಯೂ ಕೊಟ್ಟದ್ದು. ಅದರಿಂದ ಇಂಧನ ಬಹಳ ಉಳಿಯುತ್ತದೆ. ಆದರೆ ನೂರಕ್ಕೆ ಹದಿನೈದರಷ್ಟಿದ್ದ ಹಾಲಿನ ಸಾಂದ್ರತೆ ಅರವತ್ತರ ಹತ್ತಿರಕ್ಕೆ ಏರುವಾಗ ಅದರಲ್ಲಿರುವ ಸುಣ್ಣ, ಸಿಲಿಕಾ ಬಾಡಿಯೊಳಗಿನ ಟ್ಯೂಬುಗಳ ಒಳಮೈಗೆ ಹತ್ತುತ್ತವೆ. ಮೊದಲ ಬಾಡಿಯಲ್ಲಿ ಮೆದು, ಕೊನೆಯದರಲ್ಲಿ ಕಲ್ಲು. ಕಾಸ್ಟಿಕ್ ಸೋಡಾ ಕುದಿಸಿದರೆ ಮೆದು ಪದರ ಸಡಿಲವಾಗುತ್ತದೆ. ಕಲ್ಲಾದದ್ದು ಅದೊಂದಕ್ಕೇ ಬಗ್ಗುವುದಿಲ್ಲ. ಆಸಿಡ್ ಸುಣ್ಣ ಕರಗಿಸುತ್ತದೆ, ಹದ ತಪ್ಪಿದರೆ ಲೋಹವನ್ನೂ ತಿನ್ನುತ್ತದೆ. ಹಾಗಾಗಿ ಕಡೆಗೆ ಉಳಿಯುವುದು ಬ್ರಷ್ಷು, ಕಟರ್ರು, ನೀರಿನ ಜೆಟ್, ಮತ್ತು ಒಂದೊಂದೇ ಟ್ಯೂಬಿಗೆ ಅವನ್ನು ಇಳಿಸುವ ಮನುಷ್ಯ. ಕಬ್ಬು ಅರೆಯುವ ದಿನ ಎಣಿಸುವ ಭರದಲ್ಲಿ ತೊಳೆಯುವ ದಿನವನ್ನು ಮುಂದೂಡಿದರೆ ಪದರ ಗಟ್ಟಿಯಾಗುತ್ತದೆ, ಅವನ ಶ್ರಮ ಅಷ್ಟೇ ಹೆಚ್ಚುತ್ತದೆ.

ಪೆಟ್ರೋಕೆಮಿಕಲ್ ಕುಲುಮೆಗಳಲ್ಲೂ ಇದೇ ಪಾಡು. ಸುಮಾರು 850 ಡಿಗ್ರಿಯಲ್ಲಿ ಪೆಟ್ರೋಲಿಯಂ ದ್ರವವಾದ ನಾಫ್ತಾ ಒಡೆದು ಎಥಿಲೀನ್ ಆಗುವಾಗ ಕೊಳವೆಯೊಳಗೆ ಕೋಕ್, ಅಂದರೆ ಇಂಗಾಲದ ಕರಕು, ಕಟ್ಟುತ್ತದೆ. ಅಲ್ಲಿ ನಾಫ್ತಾ ನಿಲ್ಲಿಸಿ ಹಬೆಯ ಜೊತೆ ಗಾಳಿಯನ್ನು ಹದವಾಗಿ ಬಿಟ್ಟು ಕೋಕನ್ನು ಇದ್ದಲ್ಲೇ ಸುಟ್ಟುಬಿಡುತ್ತಾರೆ. ಗಾಳಿ ಹೆಚ್ಚಾದರೆ ಕೊಳವೆಯೇ ಅತಿಯಾಗಿ ಕಾದು ಹಾಳಾಗುತ್ತದೆ, ಅದಕ್ಕೇ ಅಷ್ಟು ಎಚ್ಚರ. ಕೊಳವೆಯೊಳಗೆ ಯಾರೂ ಇಳಿಯಬೇಕಿಲ್ಲ. ಸಕ್ಕರೆ ಕಾರ್ಖಾನೆಯ ಪದರ ಖನಿಜ, ಬೆಂಕಿಗೆ ಕರಗದು. ಸುಟ್ಟು ತೆಗೆಯುವ ಸೌಲಭ್ಯ ಅಲ್ಲಿಲ್ಲ, ಬಾಡಿಯೊಳಗೆ ಮನುಷ್ಯ ಇಳಿಯಬೇಕು.

ಆದ್ದರಿಂದ ಬಾಡಿ ತೊಳೆಯುವ ಕೆಲಸವನ್ನು ಟ್ಯೂಬಿನ ಹೊಳಪಿನಿಂದಷ್ಟೇ ಅಳೆಯಲು ನನಗೆ ಮನಸ್ಸಿಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಮು ಇಂಥ ಮುಚ್ಚಿದ ಜಾಗಕ್ಕೆ ಯಾರನ್ನಾದರೂ ಇಳಿಸುವ ಮುನ್ನ ಒಳಗೆ ವಿಷಾನಿಲ ಇಲ್ಲವೆಂದು ಅರ್ಹನೊಬ್ಬ ಬರೆದುಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ, ಸೊಂಟಕ್ಕೆ ಹಗ್ಗ ಕಟ್ಟಿದ ಬೆಲ್ಟು ಇರಬೇಕು ಎನ್ನುತ್ತಿತ್ತು. ಬರೆದುಕೊಟ್ಟ ಕಾಗದ ಇದ್ದರೂ ಹಗ್ಗ ಬೇಕೆಂದೇ ನನ್ನ ವಾದ. ಅದರ ಇನ್ನೊಂದು ತುದಿ ಹಿಡಿದು ಮ್ಯಾನ್‌ಹೋಲ್ ಬಾಯಲ್ಲಿ ಒಬ್ಬ ನಿಂತಿರಬೇಕು, ಒಳಗಿನವನು ಮೇಲೆ ಬರುವ ತನಕ.