ಪ್ರಸಾದ ನಿಲಯದ ಸಾಹಿತ್ಯ

ಕಳೆದ ಶತಮಾನದ ಮೊದಲರ್ಧದಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಯ ಬಡ ಹುಡುಗನೊಬ್ಬ ಕವಿಯಾಗಬೇಕೆಂದರೆ ಮೊದಲು ಪಟ್ಟಣದಲ್ಲಿ ಎರಡು ಹೊತ್ತಿನ ಊಟ ಹುಡುಕಿಕೊಳ್ಳಬೇಕಿತ್ತು. ಹೈಸ್ಕೂಲು ಪಟ್ಟಣದಲ್ಲಿ, ಜೋಳದ ಚೀಲ ಹಳ್ಳಿಯಲ್ಲಿ. ಇವೆರಡರ ನಡುವಿನ ದೂರವನ್ನು ಮುಚ್ಚಿದ್ದು ಮಠದ ಪ್ರಸಾದ ನಿಲಯ. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯಲ್ಲಿ ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಭಕ್ತರ ಮನೆಗಳಿಂದ ಕಾಳುಕಡಿ ಕೂಡಿಸಿ ಹುಡುಗರಿಗೆ ಉಣಬಡಿಸಿದರು. ಸಿರಸಂಗಿಯ ಲಿಂಗರಾಜ ದೇಸಾಯರು 1906ರಲ್ಲಿ ತೀರಿಕೊಳ್ಳುವ ಮುನ್ನವೇ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ಓದಿಗೆ ಬರೆದಿಟ್ಟಿದ್ದರು. 1916ರಲ್ಲಿ ಕೆ.ಎಲ್.ಇ. ಸಂಸ್ಥೆ ಹುಟ್ಟಿತು, 1933ರಲ್ಲಿ ದೇಸಾಯರ ಹೆಸರು ಹೊತ್ತ ಲಿಂಗರಾಜ ಕಾಲೇಜು ಬಂತು. ಉತ್ತರ ಕರ್ನಾಟಕದ ಬರಹಗಾರರ ಒಂದೆರಡು ತಲೆಮಾರು ಈ ಪಂಕ್ತಿಯಲ್ಲೇ ಕುಳಿತು ಉಂಡು ಎದ್ದದ್ದು.

ಈ ಉಪಕಾರವನ್ನು ನಮ್ಮಲ್ಲಿ ಬೇಕಾದಷ್ಟು ಹೊಗಳಿದ್ದಾರೆ. ಆ ಅನ್ನ ಎಂಥ ಸಾಹಿತ್ಯವನ್ನು ಬೆಳೆಸಿತು, ಎಂಥದ್ದನ್ನು ಬೆಳೆಸಲಿಲ್ಲ ಎಂದು ಕೇಳಿದವರು ಕಡಿಮೆ. ಉಂಡ ಮನೆಯ ಬಗ್ಗೆ ಹಾಗೆಲ್ಲ ಮಾತಾಡಬಾರದು ಎಂಬ ಸಂಕೋಚ ಇರಬೇಕು. ಆ ಸಂಕೋಚವೂ ಈ ಪರಂಪರೆಯ ಫಲವೇ.

ಮೊದಲು ಅದರ ದೊಡ್ಡ ಸಾಧನೆಯನ್ನೇ ನೋಡೋಣ. ದಾಸೋಹದ ನಂಬಿಕೆಯೂ ಅಕ್ಷರದ ಹುಚ್ಚೂ ಒಂದೇ ಮೈಯಲ್ಲಿ ಸೇರಿದಾಗ ಏನಾಗಬಹುದು ಎಂಬುದಕ್ಕೆ ಫ.ಗು. ಹಳಕಟ್ಟಿಯವರಿಗಿಂತ ಬೇರೆ ಸಾಕ್ಷಿ ಬೇಡ. ವಕೀಲಿಕೆ ಬಿಟ್ಟು ವಚನಗಳ ತಾಡೋಲೆಗಳ ಬೆನ್ನು ಹತ್ತಿದರು, ವಿಜಾಪುರದಲ್ಲಿ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅದಕ್ಕೂ ಮೊದಲು, ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ ಹಿಂದಿರುಗಿಸಿದ 'ವಚನಶಾಸ್ತ್ರಸಾರ' 1923ರಲ್ಲಿ ಅಚ್ಚಾದದ್ದು ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ, ಜೈನರಾದ ಚೌಗಲೆಯವರ ಅಚ್ಚುಕೂಟದಲ್ಲಿ. ಶರಣರ ಮಾತು ಜೈನರ ಮೊಳೆಗಳಲ್ಲಿ ಜೋಡಣೆಯಾಯಿತು. ಈ ಊರಿನ ಔದಾರ್ಯದ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದೇ. ಕೊಟ್ಟವರಿಗೂ ಪಡೆದವರಿಗೂ ಇಲ್ಲಿ ಮತ ಒಂದಾಗಿರಲಿಲ್ಲ. ಕೆಲಸ ಮಾತ್ರ ಒಂದಾಗಿತ್ತು.

ಹಳಕಟ್ಟಿಯವರ ಹಾದಿಯಲ್ಲಿ ಸಂಪಾದನೆ, ಟೀಕು, ಛಂದಸ್ಸು, ಶಾಸನಗಳ ಓದು ಈ ಭಾಗದಲ್ಲಿ ಹುಲುಸಾಗಿ ಬೆಳೆಯಿತು. ಡಿ.ಎಸ್. ಕರ್ಕಿಯವರಂಥ ಭಾವಗೀತೆಯ ಕವಿಯೂ 'ಕನ್ನಡ ಛಂದೋವಿಕಾಸ'ದಂಥ ಪಾಂಡಿತ್ಯದ ಗ್ರಂಥ ಬರೆದರು. ಮುಂದೆ ಮಠಗಳೇ ಅಧ್ಯಯನ ಪೀಠಗಳನ್ನು ತೆರೆದವು. ಗದಗಿನ ತೋಂಟದಾರ್ಯ ಮಠ ಪುಸ್ತಕಗಳ ರಾಶಿಯನ್ನೇ ಹೊರತಂದಿತು. ಪಾಂಡಿತ್ಯಕ್ಕೆ ಈ ನೆಲ ಹೀಗೆ ಒಗ್ಗಿತೇಕೆ? ಪಂಡಿತನ ಶ್ರಮ ಮಠದ ದಿನಚರಿಗೆ ಹೊಂದುತ್ತದೆ. ನಸುಕಿನಲ್ಲಿ ಏಳುವುದು, ಪೂಜೆ, ಪಾಠ, ಸಾಲಿನಲ್ಲಿ ಊಟ, ಹಿರಿಯರ ಮಾತಿಗೆ ತಲೆಬಾಗುವುದು. ಹಳೆಯ ಪಠ್ಯದ ಮುಂದೆ ವರ್ಷಗಟ್ಟಲೆ ತಾಳ್ಮೆಯಿಂದ ಕೂಡಲು ಇದಕ್ಕಿಂತ ಒಳ್ಳೆಯ ತರಬೇತಿ ಇಲ್ಲ. ಕಾದಂಬರಿಕಾರನಿಗೆ ಮಾತ್ರ ರಾತ್ರಿ ದೀಪ ಆರಿದ ಮೇಲೆ ಎಲ್ಲಿಗೋ ಹೋಗಿಬರುವ ದಾರಿಯೊಂದು ಬೇಕು.

ಆ ದಾರಿ ಹುಡುಕಿಕೊಂಡವರು ಚಂದ್ರಶೇಖರ ಕಂಬಾರರು. 1937ರಲ್ಲಿ ಘೋಡಗೇರಿಯಲ್ಲಿ ಹುಟ್ಟಿದ ಅವರು ಬಡತನದಿಂದ ಶಾಲೆ ಬಿಡಬೇಕಾಗಿ ಬಂದಾಗ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳು ಹೈಸ್ಕೂಲಿನ ಖರ್ಚು ವಹಿಸಿಕೊಂಡರು. ಋಣವನ್ನು ಕಂಬಾರರು ಮರೆಮಾಚಿಲ್ಲ. ಆದರೆ ಬರೆದದ್ದೇನು? 'ಜೋಕುಮಾರಸ್ವಾಮಿ', 'ಕರಿಮಾಯಿ', 'ಸಿಂಗಾರೆವ್ವ ಮತ್ತು ಅರಮನೆ'. ಫಲದ ದೇವರು, ಊರ ತಾಯಿ, ಬಯಲಾಟದ ಬೆವರು, ಮೈಯ ಹಸಿವು. ಮಠದ ಪಡಸಾಲೆಯಲ್ಲಿ ಓದಿ ತೋರಿಸಲು ತುಸು ಕಷ್ಟವಾಗುವ ಕೃತಿಗಳು. ಸ್ವಾಮಿಗಳು ಹುಡುಗನನ್ನು ಓದಿಸಿ ಬಿಟ್ಟರು, ಬರಹವನ್ನು ತಿರುಗಿ ಕೇಳಲಿಲ್ಲ. ಬಿಟ್ಟುಕೊಟ್ಟ ಈ ಗುಣಕ್ಕೇ ನಾನು ದೊಡ್ಡ ಔದಾರ್ಯ ಎನ್ನುವುದು. ಅನ್ನ ಹಾಕುವವರು ಬಹಳ ಜನ, ಹಾಕಿದ್ದನ್ನು ಮರೆಯುವವರು ಅಪರೂಪ.

ಬಸವರಾಜ ಕಟ್ಟೀಮನಿಯವರದು ಇನ್ನೊಂದು ದಿಕ್ಕು. ಗೋಕಾಕ ತಾಲೂಕಿನ ಮಲಾಮರಡಿಯವರು, ಸ್ವಾತಂತ್ರ್ಯ ಹೋರಾಟಗಾರರು, ಪತ್ರಕರ್ತರು. 'ಜರತಾರಿ ಜಗದ್ಗುರು' ಎಂದು ಹೆಸರಿಟ್ಟು ಕಾದಂಬರಿ ಬರೆಯಲು ಈ ಜಿಲ್ಲೆಯಲ್ಲಿ ಎಷ್ಟು ಎದೆಗಾರಿಕೆ ಬೇಕಿತ್ತೆಂದು ಹೊರಗಿನವರಿಗೆ ಸುಲಭಕ್ಕೆ ತಿಳಿಯಲಾರದು. ಕಲೆಯ ಲೆಕ್ಕದಲ್ಲಿ ಕಟ್ಟೀಮನಿ ಹಲವೆಡೆ ಅವಸರದವರು. ಪಾತ್ರಕ್ಕಿಂತ ಭಾಷಣ ಮುಂದಾಗುತ್ತದೆ. ಹಾಗಿದ್ದರೂ ನಂಬಿಕೆಯ ಪರವಾಗಿಯೇ ಮಠವನ್ನು ಪ್ರಶ್ನಿಸಬಹುದೆಂದು ಅವರು ತೋರಿಸಿದರು. ಶರಣರ ಮಾತು ಹಿಡಿದು ಪಲ್ಲಕ್ಕಿಯನ್ನು ಪ್ರಶ್ನಿಸುವುದು ಅವಿಶ್ವಾಸ ಹೇಗಾದೀತು? 1980ರಲ್ಲಿ ಬೆಳಗಾವಿಯಲ್ಲೇ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಕೂರಿಸಿದ್ದು ಈ ಸೀಮೆಯ ದೊಡ್ಡತನ.

ಇನ್ನು ಬೆಳಗಾವಿಯ ದಂಡಿನ ಪ್ರದೇಶವಾದ ಕ್ಯಾಂಪು. ಹಿಂಡಲಗಾ ಇಲ್ಲಿಂದ ಕೂಗಳತೆ. 'ನರಬಲಿ' ಕವನ ಬರೆದ ತಪ್ಪಿಗೆ ಬೇಂದ್ರೆಯವರನ್ನು ಬ್ರಿಟಿಷರು ಇಟ್ಟದ್ದು ಅಲ್ಲಿಯ ಜೈಲಿನಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು, 1929ರಲ್ಲಿ, ಮಾಸ್ತಿಯವರ ಅಧ್ಯಕ್ಷತೆಯ ಬೆಳಗಾವಿ ಸಮ್ಮೇಳನದಲ್ಲಿ 'ಹಕ್ಕಿ ಹಾರುತಿದೆ' ಹಾಡಿ ಸಭೆ ಗೆದ್ದಿದ್ದ ಕವಿ ಅವರು. ಜೈಲಿನಿಂದ ಬಂದಮೇಲೆ ನೌಕರಿ ಇಲ್ಲದ ದಿನಗಳು. ಮುಂದೆ ಮಾಸ್ತಿ ತಮ್ಮ 'ಜೀವನ' ಪತ್ರಿಕೆಯ ಸಂಪಾದಕತ್ವವನ್ನು ಅವರಿಗೆ ವಹಿಸಿದರು. ಬೇಂದ್ರೆಯವರನ್ನು ಉಳಿಸಿದ್ದು ಯಾವ ನಿಲಯವೂ ಅಲ್ಲ, ಗೆಳೆಯರು. ಗೆಳೆಯನ ಮನೆಯಲ್ಲಿ ಉಂಡವನು ಅವನ ಕವಿತೆ ಕೆಟ್ಟಿದೆ ಎಂದು ಉಣ್ಣುತ್ತಲೇ ಹೇಳಬಲ್ಲ. ಆ ಸಲಿಗೆ ಪಂಕ್ತಿಯಲ್ಲಿ ದೊರೆಯುವುದಿಲ್ಲ.

ಕ್ಯಾಂಪಿನ ಓಣಿಗಳಿಗೆ ಪ್ರಸಾದ ನಿಲಯದ ಗಾಳಿ ತಾಗಲೇ ಇಲ್ಲ. ದಂಡಿನ ಜೊತೆ ಬಂದ ತಮಿಳರು, ಗೋವೆಯ ಕೊಂಕಣಿ ಕ್ರೈಸ್ತರು, ಉರ್ದು ಮನೆಗಳು, ಮರಾಠಿ ಮನೆಗಳು. 1856ರ ಸೇಂಟ್ ಪಾಲ್ಸ್ ಶಾಲೆ, ಕಾನ್ವೆಂಟು, ಫಿಶ್ ಮಾರ್ಕೆಟ್ಟು. ಇಲ್ಲಿಯ ಹುಡುಗ ಮೂರು ಭಾಷೆಯಲ್ಲಿ ಜಗಳವಾಡುತ್ತಾನೆ, ಬರೆಯಲು ಕೂತರೆ ಇಂಗ್ಲಿಷಿಗೆ ಹೋಗುತ್ತಾನೆ. ಕನ್ನಡ ಅವನಿಗೆ ಪರೀಕ್ಷೆಯ ವಿಷಯ. ಖಾನಾಪುರದ ಕಡೆಗೆ ಹೋದರೆ ಬೇರೆ ಕಥೆ. ಕದಂಬರ ಹಲಸಿ ಅಲ್ಲಿದೆ, ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡ ಅಲ್ಲಿದೆ. ಕಾಡಂಚಿನ ಮನೆಗಳಲ್ಲಿ ಮಾತ್ರ ಮರಾಠಿ, ಕೊಂಕಣಿ. ರಾಯಣ್ಣನ ಹೆಸರಿನಲ್ಲಿ ಮೆರವಣಿಗೆಗೆ ಕರೆದಷ್ಟು ಪ್ರೀತಿಯಿಂದ ಆ ಮಕ್ಕಳನ್ನು ಕನ್ನಡದ ಕಥೆ ಬರೆಯಲು ನಾವು ಕರೆದಿದ್ದೇವೆಯೇ? ಬೆಳಗಾವಿ ಸುತ್ತಲಿನ ಕಡೋಲಿ, ಯಳ್ಳೂರು, ಉಚಗಾಂವಿಯಂಥ ಹಳ್ಳಿಗಳಲ್ಲಿ ಮರಾಠಿಗರು ಊರವರೇ ಸೇರಿ ಸಾಹಿತ್ಯ ಸಮ್ಮೇಳನ ಮಾಡುತ್ತಾರೆ. ಪುಸ್ತಕಗಳನ್ನು ಪಂಢರಪುರದ ದಿಂಡಿಯ ಹಾಗೆ ಹೊತ್ತು ನಡೆಯುತ್ತಾರೆ. ಗಡಿಯ ರಾಜಕಾರಣ ಅದರಲ್ಲಿ ಬೆರೆತಿದೆ, ನಿಜ. ಆದರೂ ನಂಬಿಕೆ, ವರ್ಗಣಿ, ಬರಹ ಮೂರೂ ಊರಿನ ಕೈಯಲ್ಲೇ ಉಳಿದಿರುವ ಆ ರೀತಿ ನಮಗೆ ಹೊಟ್ಟೆಕಿಚ್ಚು ತರಿಸಬೇಕು.

ಹೊರಗುಳಿದವರ ಪಟ್ಟಿ ಇಷ್ಟಕ್ಕೇ ಮುಗಿಯದು. ನಿಲಯಗಳು ಹುಡುಗರವು. ಈ ಗಡಿಭಾಗದ ದೊಡ್ಡ ಲೇಖಕಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆ, ತ್ರಿಪದಿಯಲ್ಲಿ ಸಿದ್ಧರಾಮನ ಪುರಾಣ ಬರೆದವರು, 1974ರ ಮಂಡ್ಯ ಸಮ್ಮೇಳನದಲ್ಲಿ ಅಧ್ಯಕ್ಷ ಪೀಠವೇರಿದ ಮೊದಲ ಹೆಣ್ಣುಮಗಳು. ಅವರು ಬಂದದ್ದು ಉಳ್ಳವರ ಮನೆಯಿಂದ. ಬಡವರ ಮನೆಯ ಇನ್ನೊಬ್ಬ ಜಯದೇವಿ ಎಲ್ಲಿ ಉಣ್ಣಬೇಕಿತ್ತು? ಜಾತಿಯ ಮಾತೂ ಇದೆ. ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರು ಕೇರಿ'ಯಲ್ಲಿ ಬರುವ ಹಾಸ್ಟೆಲು ಮಠದ್ದಲ್ಲ. ಆ ಅನ್ನಕ್ಕೆ ಕೈಮುಗಿಯಬೇಕಾದ ಪಾದಗಳಿರಲಿಲ್ಲ, ಹಕ್ಕಿನ ಅನ್ನ. ದಲಿತ ಬರಹದ ದನಿ ಅಷ್ಟು ನಿರ್ಭಿಡೆಯಾಗಿ ಎದ್ದುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಅಂದಾಜು. ಸರಕಾರಿ ಹಾಸ್ಟೆಲಿನಲ್ಲಿ ಹುಡುಗನ ಹೆಸರು ಹಿಡಿದು, ಊಟ ಆಯ್ತೇನೋ ತಮ್ಮಾ, ಎಂದು ಕೇಳುವ ಅಜ್ಜಾವರು ಇರುವುದಿಲ್ಲ ಎಂಬುದನ್ನೂ ಒಪ್ಪಬೇಕು.

ಈಗ ಮಠದ ಪ್ರಕಾಶನಗಳಲ್ಲಿ ಹಣವಿದೆ, ಕಾಗದ ಚೆನ್ನಾಗಿದೆ, ಬರುವ ಪುಸ್ತಕಗಳಲ್ಲಿ ಅಭಿನಂದನ ಗ್ರಂಥ, ಸ್ಮರಣ ಸಂಚಿಕೆ, ಚರಿತ್ರೆಗಳದೇ ಭಾರ. ನಿಲಯದಲ್ಲಿ ಉಂಡವರು ನಿಲಯದ ಬಗ್ಗೆ ಬರೆದದ್ದನ್ನು ನಿಲಯವೇ ಅಚ್ಚು ಹಾಕಿಸಿ, ನಿಲಯದ ಸಭೆಯಲ್ಲೇ ಬಿಡುಗಡೆ ಮಾಡುತ್ತದೆ. ಒಂದೆರಡು ವರ್ಷ ಆ ಗ್ರಂಥಗಳನ್ನು ನಿಲ್ಲಿಸಿ ಅದೇ ರೊಕ್ಕದಲ್ಲಿ ಖಾನಾಪುರ ತಾಲೂಕಿನ, ಕ್ಯಾಂಪಿನ ಹೊಸಬರ ಹಸ್ತಪ್ರತಿಗಳನ್ನು ತರಿಸಿಕೊಳ್ಳಲಿ. ಕರೆಯುವಾಗ ಒಂದು ಷರತ್ತು ಹಾಕಿದರೂ ನಡೆದೀತು: ಪುಸ್ತಕದಲ್ಲಿ ಸ್ವಾಮಿಗಳ ಆಶೀರ್ವಚನ ಇರಕೂಡದು.