ದಾದಿ ಅಂದರೆ ಯಾರು?

ಮುಂಬೈಯ ಒಂದು ಕನ್ನಡ ಸಂಘದವರು ಶಾಲಾ ಮಕ್ಕಳಿಗೆ ಪ್ರಬಂಧ ಸ್ಪರ್ಧೆ ಇಟ್ಟಿದ್ದರು. ವಿಷಯ: ನಮ್ಮ ಮನೆಯ ಹಿರಿಯರು. ನನ್ನ ಎಂಟನೇ ತರಗತಿಯ ಹುಡುಗಿಯೊಬ್ಬಳು ಜ್ವರದಲ್ಲಿ ರಾತ್ರಿಯಿಡೀ ತನ್ನ ಹಣೆಗೆ ಒದ್ದೆ ಬಟ್ಟೆ ಇಟ್ಟ ದಾದಿಯ ಬಗ್ಗೆ ಬರೆದಳು. ಉರ್ದು ಮನೆಗಳಲ್ಲಿ ದಾದಿ ಅಂದರೆ ಅಪ್ಪನ ತಾಯಿ. ತೀರ್ಪುಗಾರರು ಅದನ್ನು ಕನ್ನಡದ ದಾದಿ, ಅಂದರೆ ನರ್ಸ್ ಅಂತ ಓದಿಕೊಂಡರು. ‘ವಿಷಯಾಂತರ’ ಎಂದು ಕೆಂಪು ಶಾಯಿಯಲ್ಲಿ ಬರೆದು 50ಕ್ಕೆ 14 ಅಂಕ ಕೊಟ್ಟರು.

ನಿಮಗೆ ನಗು ಬರಬಹುದು. ನನಗೂ ಬಂತು. ಆದರೆ ಮರುವರ್ಷ ಆಕೆ ಹೆಸರು ಕೊಡಲಿಲ್ಲ. “ನನ್ನ ಕನ್ನಡ ಸರಿ ಇಲ್ಲ ಟೀಚರ್” ಅಂದಳು.

ತಪ್ಪು ಆ ಹಿರಿಯರದ್ದಷ್ಟೇ ಅಲ್ಲ, ಅವರನ್ನು ಆರಿಸಿದವರದ್ದೂ ಹೌದು. ನಮ್ಮಲ್ಲಿ ಯಾರಿಗೆ ಶಾಲು ಹೊದಿಸಬೇಕೋ ಅವರೇ ತೀರ್ಪುಗಾರರು. ಬೆಳಿಗ್ಗೆ ಹಾಳೆಗಳ ಕಟ್ಟು ಕೈಗೆ ಬರುತ್ತದೆ, ಸಂಜೆ ಅವರದ್ದೇ ಭಾಷಣ. ಓದೋದು ಯಾವಾಗ? ನಾನೂ ಒಮ್ಮೆ ಹೀಗೆ ಕೂತು, ಮುದ್ದಾದ ಅಕ್ಷರ ನೋಡಿ ಅಂಕ ಹಾಕಿದ್ದೇನೆ.

ಇಲ್ಲಿನ ಮಕ್ಕಳ ಮನೆಯಲ್ಲಿ ದಖ್ಖನಿ, ಬೀದಿಯಲ್ಲಿ ಹಿಂದಿ–ಮರಾಠಿ, ಶಾಲೆಯಲ್ಲಿ ಕನ್ನಡ. ತುಳು ಮನೆಯ ಮಕ್ಕಳ ಪಾಡೂ ಬೇರೆಯಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಾವೆಲ್ಲ ಸಿಹಿ ಹಂಚಿದೆವು. ಅನುವಾದಕಿ ದೀಪಾ ಭಸ್ತಿ ಇಂಗ್ಲಿಷಿನಲ್ಲೂ ಅಲ್ಲಿನ ಕನ್ನಡ, ಉರ್ದು ಶಬ್ದಗಳನ್ನು ಉಳಿಸಿಕೊಂಡರು. ದೊಡ್ಡವರ ಪುಸ್ತಕದಲ್ಲಿ ನಾವು ಮೆಚ್ಚುವ ಮನೆಮಾತು ಮಕ್ಕಳ ಹಾಳೆಯಲ್ಲಿ ತಪ್ಪಾಗುವುದು ಯಾಕೆ?

ಹಾಗಂತ ಮುಸ್ಲಿಂ ಮಕ್ಕಳಿಗೆ ಮುಸ್ಲಿಂ ತೀರ್ಪುಗಾರರೇ ಬೇಕು ಅಂತಲ್ಲ. ‘ನಮ್ಮ ಹುಡುಗಿ’ ಅಂತ ಎರಡು ಅಂಕ ಜಾಸ್ತಿ ಹಾಕುವವರೂ ಬೇಡ. ತಿಳಿಯದ ಪದ ಬಂದಾಗ ಪಕ್ಕದವರನ್ನು ಕೇಳುವವರು ಬೇಕು.

ಮೂವರನ್ನು ಆರಿಸಿ: ಆ ವಯಸ್ಸಿನ ಮಕ್ಕಳಿಗೆ ಪಾಠ ಮಾಡುವ ಒಬ್ಬರು, ಸ್ವತಃ ಬರೆಯುವ ಒಬ್ಬರು, ಮಕ್ಕಳ ಮನೆಮಾತು ಬಲ್ಲ ಒಬ್ಬರು. ಸ್ಪರ್ಧಿಗಳ ಶಿಕ್ಷಕರು, ನೆಂಟರು ಬೇಡ. ಹಾಳೆಯ ಮೇಲೆ ಹೆಸರಿನ ಬದಲು ನಂಬರ್ ಇರಲಿ. ವಾರ ಮೊದಲೇ ಹಾಳೆ ಕೊಡಿ. ಮೊದಲ ಐದನ್ನು ಮೂವರೂ ಕೂತು ಓದಿ, ಯಾವುದಕ್ಕೆ ಅಂಕ ಅಂತ ಮಾತಾಡಿಕೊಳ್ಳಲಿ. ಉಳಿದದ್ದನ್ನು ಬೇರೆ ಬೇರೆಯಾಗಿ ಓದಲಿ. ಅಂಕದಲ್ಲಿ ದೊಡ್ಡ ಅಂತರ ಬಂದರೆ ಮತ್ತೆ ಒಟ್ಟಿಗೆ ಓದಲಿ.

ನಾಳೆ ನಿಮ್ಮನ್ನೇ ತೀರ್ಪಿಗೆ ಕರೆಯಬಹುದು. ಹ್ಞೂಂ ಅನ್ನುವ ಮೊದಲು ಒಂದು ಮಾತು ಕೇಳಿ: ಹಾಳೆಗಳನ್ನು ಯಾವಾಗ ಕಳಿಸ್ತೀರಿ? ‘ಅವತ್ತೇ ಬೆಳಿಗ್ಗೆ’ ಅಂದರೆ ದಯವಿಟ್ಟು ಒಪ್ಪಿಕೊಳ್ಳಬೇಡಿ.