ಕೃಪೆಯ ಸಾರ್ವಭೌಮತ್ವವೂ ಆಗಸ್ಟೀನನ ಆತ್ಮಕಥನವೂ

ಸಂತ ಆಗಸ್ಟೀನನ (354–430) ‘ಕನ್ಫೆಷನ್ಸ್’ ಕೃತಿಯನ್ನು ಚರಿತ್ರೆಯ ವಿದ್ಯಾರ್ಥಿಗಳು ಆತ್ಮಚರಿತ್ರೆಯೆಂದೂ ದೇವತಾಶಾಸ್ತ್ರದ ವಿದ್ಯಾರ್ಥಿಗಳು ದೈವಕೃಪೆಯನ್ನು ಕುರಿತ ಪ್ರಮಾಣಗ್ರಂಥವೆಂದೂ ಓದುವುದು ವಾಡಿಕೆ. ಈ ಎರಡು ದೃಷ್ಟಿಗಳು ಒಂದೇ ಪುಟದಲ್ಲಿ ಸಂಧಿಸಿದಾಗ ಉಂಟಾಗುವ ತೊಡಕನ್ನು ಇಲ್ಲಿ ವಿಚಾರಿಸಬೇಕಾಗಿದೆ. ಮನುಷ್ಯನು ದೇವರನ್ನು ಅರಸುವುದಕ್ಕೆ ಮೊದಲೇ ದೇವರು ಅವನನ್ನು ಆರಿಸಿಕೊಂಡಿರುತ್ತಾನೆ. ನಂಬಬೇಕೆಂಬ ಇಚ್ಛೆಯೂ ದೇವರ ದಾನವೇ. ಸಿದ್ಧಾಂತವು ಹೀಗಿರುವಲ್ಲಿ, ತನ್ನ ಬಾಳಿನ ಕಥೆಯನ್ನು ಬರೆಯುವವನು ಯಾರ ಕಾರ್ಯಗಳನ್ನು ಬರೆದಂತಾಯಿತು?

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕು. ಕೃಪಾಸಿದ್ಧಾಂತವು ಪೆಲಾಗಿಯಸನೊಡನೆ ನಡೆದ ವಾಗ್ವಾದದಲ್ಲಿ ಸಿದ್ಧವಾದ ಆಯುಧವೆಂದು ಅನೇಕರು ತಿಳಿದಿರುವರು. ಕಾಲಗಣನೆಯು ಇದಕ್ಕೆ ಒಪ್ಪುವುದಿಲ್ಲ. ಮಿಲಾನಿನ ಸಿಂಪ್ಲಿಸಿಯಾನನ ಪ್ರಶ್ನೆಗಳಿಗೆ ಉತ್ತರವಾಗಿ ಸುಮಾರು 396–97ರಲ್ಲಿಯೇ ಆಗಸ್ಟೀನನು ಪೌಲನ ರೋಮಾಪುರದ ಪತ್ರಿಕೆಯ ಒಂಬತ್ತನೆಯ ಅಧ್ಯಾಯವನ್ನು ವಿವರಿಸಿದ್ದನು. ತಾಯಿಯ ಗರ್ಭದಲ್ಲಿದ್ದು ಒಳಿತನ್ನಾಗಲಿ ಕೆಡುಕನ್ನಾಗಲಿ ಮಾಡದಿದ್ದ ಯಾಕೋಬ ಏಸಾವರಲ್ಲಿ ಒಬ್ಬನು ಆಯ್ಕೆಯಾದುದು ಹೇಗೆ? ಮುಂದೆ ಹುಟ್ಟುವ ನಂಬಿಕೆಯನ್ನು ದೇವರು ಮೊದಲೇ ಕಂಡಿದ್ದನೆಂಬ ತನ್ನ ಹಳೆಯ ಸಮಾಧಾನವನ್ನು ಆತನು ಇಲ್ಲಿ ಕೈಬಿಟ್ಟನು. ಸ್ವತಂತ್ರೇಚ್ಛೆಯ ಪರವಾಗಿ ತಾನು ಹೆಣಗಿದರೂ ಕೃಪೆಯೇ ಗೆದ್ದಿತೆಂದು ವೃದ್ಧಾಪ್ಯದ ‘ರಿಟ್ರಾಕ್ಟೇಷನ್ಸ್’ನಲ್ಲಿ ಒಪ್ಪಿಕೊಂಡಿರುವನು. ‘ಕನ್ಫೆಷನ್ಸ್’ ಆರಂಭವಾದುದು ಈ ಸೋಲಿನ ಬೆನ್ನಿಗೇ. ದೇವರು ತಾನು ವಿಧಿಸಿದುದನ್ನು ನೆರವೇರಿಸುವ ಶಕ್ತಿಯನ್ನೂ ತಾನೇ ಕೊಡಲಿ ಎಂಬ ಹತ್ತನೆಯ ಭಾಗದ ಪ್ರಾರ್ಥನೆಯನ್ನು ರೋಮಿನಲ್ಲಿ ಕೇಳಿ ಪೆಲಾಗಿಯಸನು ಸಿಡಿಮಿಡಿಗೊಂಡದ್ದು ಆಮೇಲಿನ ಮಾತು. ವಾದವು ಗ್ರಂಥವನ್ನು ಹುಟ್ಟಿಸಲಿಲ್ಲ. 418ರ ಕಾರ್ಥೇಜ್ ಸಭೆಯ ಖಂಡನೆಯಂತೂ ಇನ್ನೂ ದೂರವಿದ್ದಿತು.

ಎರಡನೆಯ ಪ್ರಶ್ನೆ ಹೆಚ್ಚು ಗಹನವಾದುದು. 386ರಲ್ಲಿ ಮಿಲಾನಿನ ತೋಟದಲ್ಲಿ ಮಗುವಿನ ದನಿಯೊಂದನ್ನು ಕೇಳಿ, ಪೌಲನ ಪತ್ರಿಕೆಯನ್ನು ತೆರೆದು, ಓದಿದೊಡನೆ ಸಂಶಯಗಳು ಕರಗಿದುವೆಂದು ಎಂಟನೆಯ ಭಾಗವು ಹೇಳುತ್ತದೆ. ಅದೇ ವರ್ಷ ಕೆಲವೇ ತಿಂಗಳುಗಳ ಬಳಿಕ ಕಸಿಸಿಯಾಕಮ್‌ನಲ್ಲಿ ರಚಿತವಾದ ಸಂವಾದಗಳಲ್ಲಾದರೋ ತೋಟವೂ ಇಲ್ಲ, ಮಗುವಿನ ದನಿಯೂ ಇಲ್ಲ. ಅಲ್ಲಿರುವುದು ಸುಖದ ಸ್ವರೂಪ, ಜ್ಞಾನದ ಸಾಧ್ಯತೆ, ವಿರಾಮದ ತತ್ತ್ವಚಿಂತನೆ. ಆಗಸ್ಟೀನನು ಆಗ ಒಲಿದದ್ದು ಸುವಾರ್ತೆಗಲ್ಲ, ನವಪ್ಲೇಟೋವಾದಕ್ಕೆಂದು ಫ್ರೆಂಚ್ ವಿದ್ವಾಂಸ ಆಲ್ಫಾರಿಕ್ 1918ರಲ್ಲಿ ವಾದಿಸಿದನು. ಆಂಬ್ರೋಸನ ಪ್ರವಚನಗಳಲ್ಲಿಯೇ ಪ್ಲೊಟೈನಸನ ವಿಚಾರಗಳು ಬೆರೆತಿದ್ದುವೆಂದು ಕೂರ್ಸೆಲ್ 1950ರಲ್ಲಿ ತೋರಿಸಿದ ಮೇಲೆ ಈ ವಿರೋಧದ ಕಾವು ಬಹುಮಟ್ಟಿಗೆ ಆರಿತು. ನನ್ನ ಮಟ್ಟಿಗೆ ಆಲ್ಫಾರಿಕನು ಸಾಕ್ಷ್ಯವನ್ನು ಸರಿಯಾಗಿ ಕಂಡು ತೀರ್ಪನ್ನು ಅವಸರದಿಂದ ಕೊಟ್ಟನು. ಕೃಪೆಯು ನಿಜವಾಗಿ ಸಾರ್ವಭೌಮವಾಗಿದ್ದಲ್ಲಿ ಅದರ ಕೆಲಸವು ನಡೆಯುತ್ತಿರುವಾಗ ಕಾಣುವುದಿಲ್ಲ. ಹಿಂದಿರುಗಿ ನೋಡಿದಾಗಲೇ ಕಾಣುತ್ತದೆ. 386ರಲ್ಲಿ ಸ್ವಂತ ನಿರ್ಧಾರವೆಂದು ತೋರಿದುದು ಹತ್ತು ವರ್ಷಗಳ ತರುವಾಯ ಬೇರೊಬ್ಬನ ಕೈವಾಡವೆಂದು ತೋರಿದರೆ ಅದನ್ನು ಸುಳ್ಳೆನ್ನಲಾಗದು.

ಆದರೆ ಈ ಸಮರ್ಥನೆಯನ್ನು ಆರನೆಯ ಭಾಗಕ್ಕೂ ವಿಸ್ತರಿಸಲು ನಾನು ಸಿದ್ಧನಿಲ್ಲ. ಆಗಸ್ಟೀನನೊಡನೆ ಹಲವು ವರ್ಷ ಬಾಳಿ ಅದಿಯೊದಾತಸನನ್ನು ಹೆತ್ತ ಸ್ತ್ರೀಯನ್ನು, ತಕ್ಕ ಸಂಬಂಧವೊಂದು ಗೊತ್ತಾದಾಗ, ಆಫ್ರಿಕಕ್ಕೆ ಕಳುಹಿಸಲಾಯಿತು. ಲ್ಯಾಟಿನ್ ಮೂಲದಲ್ಲಿ ಈ ಸಂಗತಿ ಬಂದಿರುವುದು ಕರ್ಮಣಿ ಪ್ರಯೋಗದಲ್ಲಿ: ಆಕೆಯು ಆತನ ಪಕ್ಕದಿಂದ ಕೀಳಲ್ಪಟ್ಟಳಂತೆ. ಕಿತ್ತವರಾರು? ಕರ್ತೃಪದವೇ ಇಲ್ಲ. ಹದಿನಾರರ ಹರೆಯದಲ್ಲಿ ಕದ್ದ ಪೇರು ಹಣ್ಣುಗಳಿಗಾಗಿ ಅಧ್ಯಾಯಗಳನ್ನೇ ಮೀಸಲಿಟ್ಟು, ಕದ್ದವನು ತಾನು, ಕಾರಣವಿಲ್ಲದೆ ಕದ್ದವನು ತಾನು ಎಂದು ಮತ್ತೆ ಮತ್ತೆ ನುಡಿದವನು ಇಲ್ಲಿ ಕೆಲವೇ ಸಾಲುಗಳಲ್ಲಿ ಮುಗಿಸಿಬಿಡುತ್ತಾನೆ. ಎದೆಯು ಸೀಳಿ ನೆತ್ತರು ಸುರಿಯಿತೆಂಬ ಆತನ ಮಾತನ್ನು ನಾವು ನಂಬಬಹುದು, ನೋವು ಹೊಣೆಗಾರಿಕೆಯಲ್ಲ. ಪಾಪವು ಮನುಷ್ಯನದು, ಒಳ್ಳಿತು ದೇವರದು ಎಂಬುದು ಆತನದೇ ನಿಯಮ. ಇಲ್ಲಿ ಆ ಕೃತ್ಯವು ಯಾರ ಲೆಕ್ಕಕ್ಕೂ ಸೇರಿಲ್ಲ. ಮಾನವನ ಹೊಣೆಯು ಸಡಿಲವಾದೀತೆಂಬ ಪೆಲಾಗಿಯಸನ ಆತಂಕಕ್ಕೆ ಹತ್ತನೆಯ ಭಾಗದ ಪ್ರಾರ್ಥನೆಗಿಂತ ಗಟ್ಟಿಯಾದ ಆಧಾರವು ಇಲ್ಲಿದೆ.

ಆಕೆಯ ಹೆಸರನ್ನು ಆತನು ಕೊಡುವುದಿಲ್ಲ. ಇನ್ನು ಯಾವ ಪುರುಷನನ್ನೂ ಸೇರೆನೆಂದು ದೇವರಿಗೆ ವ್ರತತೊಟ್ಟು, ಮಗನನ್ನು ತಂದೆಯ ಬಳಿ ಬಿಟ್ಟು, ಆಕೆ ಹೊರಟುಹೋದಳು. ತಾನು ಆ ಹೆಣ್ಣನ್ನು ಅನುಸರಿಸಲಾರದೆ ಮದುವೆಯ ದಿನದವರೆಗೂ ಕಾಯಲಾರದೆ ಮತ್ತೊಬ್ಬಳನ್ನು ಇಟ್ಟುಕೊಂಡೆನೆಂದು ಆಗಸ್ಟೀನನೇ ಬರೆದಿರುವನು. ತನ್ನ ಪ್ರತಿಯೊಂದು ಸದಿಚ್ಛೆಯೂ ಎಲ್ಲಿಂದ ಬಂದಿತೆಂದು ಪುಟಪುಟದಲ್ಲಿ ಕೇಳಿಕೊಳ್ಳುವ ಆತನು, ಆಕೆಯ ಆ ವ್ರತವು ಯಾರ ದಾನವೆಂದು ಅಲ್ಲಿ ಕೇಳಿಕೊಂಡಿಲ್ಲ.